ಪೋಟಗಿಯ ಪಾಲು

ಬಿಜಾಪುರ ಸೀಮೆಯ ಹಳೆಯ ವಾಟ್ನಿ ಪತ್ರಗಳಲ್ಲಿ ಅಣ್ಣತಮ್ಮಂದಿರ ಹಿಸ್ಸೆಗಳ ವಿವರ, ಚತುಃಸೀಮೆ, ಬಾವಿಯ ನೀರಿನ ಸರದಿ ಎಲ್ಲವೂ ಮುಗಿದ ಮೇಲೆ ಒಂದು ಚಿಕ್ಕ ಕಲಮು ಸೇರಿರುವುದುಂಟು. ಇಂತಿಷ್ಟು ಎಕರೆ ಜಮೀನು ತಂದೆತಾಯಿಗಳ ಪೋಟಗಿಗಾಗಿ ಅವರು ಹಯಾತ ಇರುವವರೆಗೆ ಅವರ ಕಬಜೆಯಲ್ಲಿಯೇ ಇರಬೇಕು, ಅವರ ತರುವಾಯ ಮಕ್ಕಳು ಸಮನಾಗಿ ಹಂಚಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಪೋಟ ಎಂದರೆ ಮರಾಠಿಯಲ್ಲಿ ಹೊಟ್ಟೆ. ಪೋಟಗಿ ಎಂದರೆ ಹೊಟ್ಟೆಪಾಡಿಗಾಗಿ ಇಟ್ಟದ್ದು. ಈ ಸೀಮೆಯ ದೊಡ್ಡ ಭಾಗ 1818ರ ತರುವಾಯ ಸಾತಾರಾ ಸಂಸ್ಥಾನಕ್ಕೂ 1848ರಿಂದ ನೇರವಾಗಿ ಮುಂಬಯಿ ಇಲಾಖೆಗೂ ಸೇರಿದ್ದುದರಿಂದ ಉತಾರ, ವರ್ದಿ, ಹಿಸ್ಸೆ, ಬೋಜಾ ಮೊದಲಾದ ಮಾತುಗಳೊಡನೆ ಇದೂ ಇಲ್ಲಿಯ ದಫ್ತರಗಳಲ್ಲಿ ನೆಲೆಯೂರಿತು. ಶಬ್ದ ಹೊರಗಿನಿಂದ ಬಂದುದಾದರೂ ಅದರ ಹಿಂದಿನ ವಿಚಾರ ಮಾತ್ರ ಈ ನೆಲಕ್ಕೆ ಬಹಳ ಹಳೆಯದು.

ಇಂಡಿ ಮತ್ತು ಸಿಂದಗಿಗಳ ಮಗ್ಗುಲಲ್ಲಿ ಭೀಮೆ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳಗಳ ಮಗ್ಗುಲಲ್ಲಿ ಕೃಷ್ಣೆ, ನಡುವೆ ಡೋಣಿ. ಮೂರು ಹೊಳೆಗಳಿದ್ದರೂ ಕಾಲುವೆಗಳು ಬರುವವರೆಗೆ ಇಲ್ಲಿಯ ಒಕ್ಕಲುತನ ಮಳೆಯ ಕೃಪೆಯಲ್ಲಿಯೇ ಇತ್ತು. ಬೆಳೆದ ವರ್ಷ ಎರೆಯ ಹೊಲದಲ್ಲಿ ಬಿಳಿಜೋಳ ತೂಗುತ್ತಿತ್ತು, ತಪ್ಪಿದ ವರ್ಷ ಏನೂ ಇಲ್ಲ. ಆದುದರಿಂದಲೇ ಮನೆಯಂಗಳದ ನೆಲದೊಳಗೆ ಹಗೇವು ತೋಡಿ, ವರ್ಷಗಟ್ಟಲೆ ಕೆಡದಂತೆ ಜೋಳವನ್ನು ತುಂಬಿಡುವ ಪದ್ಧತಿ ಬೆಳೆಯಿತು. 1791-92ರ ಡೋಗಿ ಬರದ ಹೆಸರು ಜನರ ಬಾಯಲ್ಲಿ ಉಳಿದದ್ದು ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ. 1876-78ರ ಬರದಲ್ಲಿ, ಈ ತಾಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದಾಗ, ಊರೂರುಗಳೇ ಗುಳೆ ಹೋದವು. ನಡೆಯಬಲ್ಲವರು ಹೋಗುತ್ತಾರೆ, ಮುದುಕರು ಉಳಿಯುತ್ತಾರೆ. ದುಡಿಯಲಾರದವನ ಅನ್ನ ದುಡಿಯುವವನ ಮನಸ್ಸಿನ ಮೇಲೆ ಮಾತ್ರ ನಿಲ್ಲಬಾರದು ಎಂಬ ವಿವೇಕವನ್ನು ಇಂಥ ವರ್ಷಗಳು ಒಕ್ಕಲುಮನೆಗಳಿಗೆ ಕಲಿಸಿರಬೇಕು.

ಈ ವಿವೇಕಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಆಚಾರ್ಯ ಜಿನಸೇನರು ಮುಖ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದ ಈ ಆಚಾರ್ಯರು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸಿದರು. ಆ ಚಕ್ರವರ್ತಿಯ ರಾಜಧಾನಿ ಮಾನ್ಯಖೇಟವು ಇಂದಿನ ಸೇಡಂ ತಾಲೂಕಿನ ಮಳಖೇಡ. ಭೀಮೆಯನ್ನು ದಾಟಿ ಮೂಡಣಕ್ಕೆ ನಡೆದರೆ ಸಿಗುವ ಊರು. ಆದಿಪುರಾಣದ 38ನೆಯ ಪರ್ವದಲ್ಲಿ ಗರ್ಭದಿಂದ ನಿರ್ವಾಣದವರೆಗಿನ 53 ಗರ್ಭಾನ್ವಯ ಕ್ರಿಯೆಗಳ ನಿರೂಪಣೆಯಿದೆ. ಅವುಗಳಲ್ಲಿ ಗೃಹತ್ಯಾಗವೂ ಒಂದು.

ಮನೆಯನ್ನು ಬಿಟ್ಟುಹೋಗುವ ಗೃಹಸ್ಥನು ಮೊದಲು ಸಿದ್ಧರ ಪೂಜೆಯನ್ನು ಮಾಡಬೇಕು, ಇಷ್ಟಜನರನ್ನು ಕರೆದು ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಮನೆತನವನ್ನು ಒಪ್ಪಿಸಬೇಕು ಎಂದು ಜಿನಸೇನರು ವಿಧಿಸುತ್ತಾರೆ. ಒಪ್ಪಿಸುವಾಗ ಧನವನ್ನು ಮೂರು ಭಾಗ ಮಾಡಬೇಕು. ಒಂದು ಧರ್ಮಕಾರ್ಯಕ್ಕೆ, ಎರಡನೆಯದು ಮನೆಯ ವೆಚ್ಚಕ್ಕೆ, ಮೂರನೆಯದು ಮಕ್ಕಳ ಹಂಚಿಕೆಗೆ. ಹೆಣ್ಣುಮಕ್ಕಳೂ ಗಂಡುಮಕ್ಕಳೊಂದಿಗೆ ಸಮಾನ ಅಂಶಕ್ಕೆ ಅರ್ಹರು ಎಂಬ ಮಾತೂ ಅಲ್ಲಿಯೇ ಇದೆ. 9ನೆಯ ಶತಮಾನದ ಈ ಮಾತು ಭಾರತದ ಸಂಸತ್ತಿಗೆ ಒಪ್ಪಿಗೆಯಾಗಲು 2005ರವರೆಗೆ ಕಾಯಬೇಕಾಯಿತು. ಅದು ಬೇರೆಯ ಕಥೆ, ಮುಂದೆ ಬರುತ್ತದೆ. ಇಲ್ಲಿ ಗಮನಿಸಬೇಕಾದದ್ದು ಎರಡನೆಯ ಭಾಗವನ್ನು. ಸರ್ವಸ್ವವನ್ನೂ ತ್ಯಜಿಸಿ ಹೋಗುವವನು ಕೂಡ ಸರ್ವಸ್ವವನ್ನೂ ಹಂಚಿಬಿಡುವುದಿಲ್ಲ. ಮೂರರಲ್ಲಿ ಒಂದು ಪಾಲಿಗೆ ಮಾತ್ರ ಮಕ್ಕಳು ಒಡೆಯರು. ಮನೆಯ ವೆಚ್ಚದ ಪಾಲು ಒಡೆಯದೆ ಉಳಿಯುತ್ತದೆ. ಮನೆಯಲ್ಲಿಯೇ ಉಳಿದ ಮುದಿತಾಯಿ, ವಿಧವೆ ಅತ್ತಿಗೆ, ಮದುವೆಯಾಗದ ಮಗಳು, ಇವರ ಅನ್ನವೆಲ್ಲ ಆ ಪಾಲಿನಲ್ಲಿ ಅಡಗಿದ್ದಿರಬೇಕು.

ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮವನ್ನೂ ಇದರೊಡನೆ ಇಟ್ಟು ನೋಡುವುದು ಉಚಿತ. ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಮೊದಲು ಬೇಸಾಯ ವ್ಯಾಪಾರಗಳನ್ನು ಬಿಡುತ್ತಾನೆ, ಆಮೇಲೆ ಆಸ್ತಿಯನ್ನು, ಕಟ್ಟಕಡೆಗೆ ಮನೆಯ ವ್ಯವಹಾರಗಳಲ್ಲಿ ಸಲಹೆ ಕೊಡುವುದನ್ನು. ಈ ಮೂರೂ ಬೇರೆಬೇರೆ ಮೆಟ್ಟಿಲುಗಳು, ಮತ್ತು ಪ್ರತಿಯೊಂದನ್ನೂ ಏರುವವನು ತಾನಾಗಿ ಏರಬೇಕು. ಅರವತ್ತೈದರ ತಂದೆಗೆ ಮೊಣಕಾಲು ನೋವು ಬಂದು ಹೊಲಕ್ಕೆ ಹೋಗುವುದು ನಿಂತೊಡನೆ, ಇನ್ನು ನಿಮಗೇಕೆ ಆಸ್ತಿಯ ಉಸಾಬರಿ, ದೇವರ ಧ್ಯಾನ ಮಾಡಿಕೊಂಡಿರಿ ಎಂದು ಬಕ್ಷೀಸ ಪತ್ರವನ್ನು ಮುಂದೆ ಹಿಡಿಯುವ ಮಗನು, ಎಂಟನೆಯ ಮೆಟ್ಟಿಲನ್ನೂ ಸ್ವಇಚ್ಛೆಯಿಂದ ಏರದವನನ್ನು ಹತ್ತನೆಯದಕ್ಕೆ ನೂಕುತ್ತಿದ್ದಾನೆ. ಸಹಿ ಮಾಡಿಸಿಕೊಂಡದ್ದು ತ್ಯಾಗವೆನಿಸುವುದಿಲ್ಲ. ಶರೀರದ ಅಶಕ್ತಿಯನ್ನು ವೈರಾಗ್ಯವೆಂದು ಕರೆಯುವ ಈ ಪರಿಪಾಠ ಭಾವುಕ ಮನೆತನಗಳಲ್ಲಿಯೂ ಕಾಣಸಿಗುವುದು ವಿಷಾದದ ಸಂಗತಿ.

ಜಿನಸೇನರಿಗೆ ಸುಮಾರು ಇನ್ನೂರೈವತ್ತು ವರ್ಷಗಳ ತರುವಾಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಸಿದ್ಧಾಂತ ಮುಂದೆ ದೇಶದ ಬಹುಭಾಗಕ್ಕೆ ಕಾನೂನಾಯಿತು. ಇದರಿಂದ ತಂದೆಯ ಕೈ ಕಟ್ಟಿಹಾಕಿದಂತಾಯಿತೆಂದು ಹೇಳುವುದುಂಟು. ಆದರೆ ತಂದೆಯು ತನ್ನ ಜೀವಿತಕಾಲದಲ್ಲಿಯೇ ಮಕ್ಕಳಿಗೆ ಸಮಪಾಲು ಮಾಡುವಾಗ, ಸ್ತ್ರೀಧನವನ್ನು ಪಡೆಯದ ಪತ್ನಿಗೂ ಅಷ್ಟೇ ಪಾಲು ಕೊಡಬೇಕೆಂಬ ಯಾಜ್ಞವಲ್ಕ್ಯನ ವಿಧಿಯನ್ನು ಮಿತಾಕ್ಷರಾ ಎತ್ತಿಹಿಡಿಯಿತು. ಬ್ರಿಟಿಷರ ನ್ಯಾಯಾಲಯಗಳಲ್ಲಿ ಈ ವಿಧಿಗೆ ಎರಡು ಗತಿಗಳಾದವು. ಮದ್ರಾಸ್ ಇಲಾಖೆಯಲ್ಲಿ ಅದು ಬಳಕೆ ತಪ್ಪಿಹೋದದ್ದೆಂದು ಪರಿಗಣಿಸಲ್ಪಟ್ಟಿತು. ಮುಂಬಯಿ ಇಲಾಖೆಯಲ್ಲಿ ಜೀವಂತವಾಗಿ ಉಳಿಯಿತು. ಹೀಗಾಗಿ ಮುಂಬಯಿ ಇಲಾಖೆಗೆ ಸೇರಿದ್ದ ಮುದ್ದೇಬಿಹಾಳದ ಮುದಿತಾಯಿಗೆ ಮಕ್ಕಳ ವಾಟ್ನಿಯಲ್ಲಿ ಪಾಲು ಸಿಗಬಹುದಾಗಿದ್ದ ಕಾಲದಲ್ಲಿ, ಮದ್ರಾಸಿಗೆ ಸೇರಿದ್ದ ಬಳ್ಳಾರಿಯ ತಾಯಿಗೆ ಜೀವನಾಂಶವಷ್ಟೇ ಗತಿ. ಇಬ್ಬರದೂ ಒಂದೇ ಭಾಷೆ, ಇಬ್ಬರಿಗೂ ಒಂದೇ ಮಿತಾಕ್ಷರಾ. ಮೈಸೂರು ಸಂಸ್ಥಾನದಲ್ಲಿಯಾದರೆ ಸ್ತ್ರೀಯರ ಹಕ್ಕಿನ ಬಗ್ಗೆ 1933ರಲ್ಲಿ ಪ್ರತ್ಯೇಕ ಶಾಸನವೇ ಬಂದಿತು.

ಜೈನರಿಗೆ ಇದೆಲ್ಲ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯೂ ಅದೇ ಕಾಲದಲ್ಲಿ ಎದ್ದಿತು. ವಿಶೇಷ ರೂಢಿಯೊಂದು ಸಿದ್ಧವಾಗದ ಹೊರತು ಜೈನರಿಗೂ ಹಿಂದೂ ಕಾನೂನೇ ಅನ್ವಯವೆಂದು ಮುಂಬಯಿ ಉಚ್ಚ ನ್ಯಾಯಾಲಯವು 1873ರಲ್ಲಿ, ಭಗವಾನದಾಸ ತೇಜಮಲ್ ಮೊಕದ್ದಮೆಯಲ್ಲಿ, ತೀರ್ಮಾನಿಸಿತು. ಇದನ್ನು ಒಪ್ಪದ ವಿದ್ವಾಂಸರು ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಗ್ರಂಥಗಳನ್ನು ಮುಂದಿಟ್ಟರು. ಜುಗಮಂದರಲಾಲ ಜೈನಿಯವರೂ, 1926ರಲ್ಲಿ ಬ್ಯಾರಿಸ್ಟರ್ ಚಂಪತರಾಯ ಜೈನರೂ ಜೈನ ಕಾನೂನಿನ ಮೇಲೆ ಪುಸ್ತಕಗಳನ್ನು ಪ್ರಕಟಿಸಿದರು. ಆಧಾರಗ್ರಂಥಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಚಂಪತರಾಯರು ಎತ್ತಿ ತೋರಿಸಿದ ಒಂದು ಅಂಶ ಮರೆಯುವಂಥದಲ್ಲ. ಗಂಡ ತೀರಿಕೊಂಡಾಗ ಆಸ್ತಿಗೆ ಮೊದಲ ವಾರಸುದಾರಳು ಪತ್ನಿ. ಮಗನ ಸರದಿ ಅವಳ ನಂತರ. ತಾಯಿಯ ಕೈಯಲ್ಲಿ ಆಸ್ತಿಯಿರುವವರೆಗೆ ಮಗನ ವಿನಯವೂ ಉಳಿಯುತ್ತದೆಂಬ ಲೆಕ್ಕಾಚಾರ ಇದರ ಹಿಂದೆ ಇದೆ. ಇದು ಮಕ್ಕಳ ಮೇಲಿನ ಅಪನಂಬಿಕೆಯೆಂದು ಕೆಲವರಿಗೆ ತೋರಬಹುದು. ಮನುಷ್ಯಸ್ವಭಾವವನ್ನು ಬಲ್ಲವರು ಬರೆದ ಕಟ್ಟಳೆಯೆಂದು ತಿಳಿಯುವುದು ಹೆಚ್ಚು ಸರಿ.

1956ರಲ್ಲಿ ಬಂದ ಹಿಂದೂ ಉತ್ತರಾಧಿಕಾರ ಅಧಿನಿಯಮ ಹಾಗೂ ದತ್ತಕ ಮತ್ತು ಜೀವನಾಂಶ ಅಧಿನಿಯಮಗಳು ಜೈನರನ್ನೂ ಒಳಗೊಂಡವು. ಹಳೆಯ ಚರ್ಚೆ ಬಹುಮಟ್ಟಿಗೆ ಮುಗಿಯಿತು. ಅದೇ ವರ್ಷ ನವೆಂಬರ್ 1ರಂದು ಬಿಜಾಪುರವೂ ಬಳ್ಳಾರಿಯೂ ಒಂದೇ ರಾಜ್ಯದಲ್ಲಿದ್ದವು. ಹೊಸ ಕಾಯಿದೆಗಳಿಂದ ಹಿರಿಯರಿಗೆ ಆದ ಲಾಭ ದೊಡ್ಡದು. ಅವಿಭಕ್ತ ಆಸ್ತಿಯಲ್ಲಿಯ ತನ್ನ ಪಾಲನ್ನು ಮೃತ್ಯುಪತ್ರದಿಂದ ವಿಲೇವಾರಿ ಮಾಡುವ ಅಧಿಕಾರ ತಂದೆಗೆ ಬಂದಿತು. ವಿಧವೆಗೆ ಪೋಟಗಿಗಾಗಿ ಬಿಟ್ಟ ಜಮೀನು, ಜೀವಿತಾವಧಿಗೆ ಮಾತ್ರವೆಂದು ಪತ್ರದಲ್ಲಿ ಬರೆದಿದ್ದರೂ, ಅವಳ ಪೂರ್ಣ ಸ್ವತ್ತಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1977ರ ತುಳಸಮ್ಮ ಮೊಕದ್ದಮೆಯಲ್ಲಿ ಹೇಳಿತು. ವೃದ್ಧ ತಂದೆತಾಯಿಗಳನ್ನು ಸಲಹುವ ಹೊಣೆ ಮಗನಿಗೂ ಮಗಳಿಗೂ ಶಾಸನಬದ್ಧವಾಯಿತು. 1973ರ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಅವರಿಗೆ ಮ್ಯಾಜಿಸ್ಟ್ರೇಟರ ಬಾಗಿಲನ್ನೂ ತೆರೆಯಿತು. ಮದುವೆಯಾದ ಮಗಳೂ ಈ ಹೊಣೆಯಿಂದ ಹೊರಗಲ್ಲವೆಂದು 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ 2001ರ ತಿದ್ದುಪಡಿಯವರೆಗೆ ಅಲ್ಲಿ ಸಿಗುತ್ತಿದ್ದ ಗರಿಷ್ಠ ಮೊತ್ತ ತಿಂಗಳಿಗೆ 500 ರೂಪಾಯಿ! 2024ರ ಜುಲೈ 1ರಿಂದ ಈ ವಿಧಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ.

ಲಾಭದೊಂದಿಗೆ ಒಂದು ಬದಲಾವಣೆಯೂ ಸದ್ದಿಲ್ಲದೆ ಬಂದಿತು. ಪೋಟಗಿಯ ಕಾಲದಲ್ಲಿ ಮುದುಕನ ಕೈಯಲ್ಲಿ ಹೊಲವಿತ್ತು. ಈಗ ಅವನ ಕೈಗೆ ಬಂದದ್ದು ದಾವೆ ಹೂಡುವ ಹಕ್ಕು. ಇವೆರಡರ ಅಂತರವನ್ನು ಒಂದು ಉದಾಹರಣೆ ತಿಳಿಸುತ್ತದೆ. 1956ರ ಕಾಯಿದೆಯಲ್ಲಿ ತಾಯಿಯು ಮೊದಲ ವರ್ಗದ ವಾರಸುದಾರಳು, ತಂದೆಯು ಎರಡನೆಯ ವರ್ಗದವನು. ತಂದೆಯು ಎಲ್ಲವನ್ನೂ ಮಗನ ಹೆಸರಿಗೆ ಬಕ್ಷೀಸ ಮಾಡಿದನೆಂದೂ, ದುರ್ದೈವದಿಂದ ಮಗನೇ ಮೊದಲು ತೀರಿಕೊಂಡನೆಂದೂ ಇಟ್ಟುಕೊಳ್ಳೋಣ. ಮೃತ್ಯುಪತ್ರವಿಲ್ಲದಿದ್ದರೆ ಆ ಆಸ್ತಿ ಸೊಸೆ, ಮೊಮ್ಮಕ್ಕಳು ಹಾಗೂ ತಾಯಿಯ ಪಾಲಾಗುತ್ತದೆ. ತಾನೇ ಗಳಿಸಿ ತಾನೇ ಕೊಟ್ಟ ತಂದೆಗೆ ವಾರಸುದಾರನಾಗಿ ಒಂದು ಗುಂಟೆಯೂ ಇಲ್ಲ. ಸೊಸೆ ಮೊಮ್ಮಕ್ಕಳಿಂದ ಜೀವನಾಂಶ ಕೇಳುವ ದಾರಿಯೊಂದೇ ಅವನಿಗೆ ಉಳಿಯುತ್ತದೆ.

ಹೊಲವೇ ಹೋದ ಕಡೆ ಪೋಟಗಿಯ ಗತಿಯೇನು? ಗೇಣಿಗೆ ಕೊಟ್ಟ ಜಮೀನುಗಳು 1974ರ ಮಾರ್ಚ್ 1ರಿಂದ ಸರಕಾರದಲ್ಲಿ ನಿಹಿತವಾದಾಗ, ಗೇಣಿಯ ಮೇಲೆಯೇ ಬದುಕಿದ್ದ ವೃದ್ಧರೂ ವಿಧವೆಯರೂ ಆಧಾರ ಕಳೆದುಕೊಂಡರು. ಉಳುವವನ ನ್ಯಾಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ; ಅದರ ನೆರಳಿನಲ್ಲಿ ಸಿಕ್ಕವರ ಸಂಕಟವೂ ಸುಳ್ಳಲ್ಲ. ನಾಲ್ಕು ತಾಲೂಕುಗಳಲ್ಲಿ ಇದಕ್ಕಿಂತ ದೊಡ್ಡ ಪಲ್ಲಟ ತಂದದ್ದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಕಾಲುವೆಯ ನೀರು ಬಂದ ಕಡೆ ಹೊಲದ ಬೆಲೆ ಏರಿತು. ಹಿನ್ನೀರು ಬಂದ ಕಡೆ ಹೊಲವೇ ಹಣವಾಯಿತು. ಹೊಲವನ್ನು ಮೂರು ಪಾಲು ಮಾಡಿ ಒಂದರಲ್ಲಿ ತಂದೆತಾಯಿಗಳನ್ನು ಕೂಡಿಸಬಹುದು. ಪರಿಹಾರದ ಚೆಕ್ಕು ಬ್ಯಾಂಕಿಗೆ ಬಿದ್ದ ಮರುದಿನವೇ ಮಕ್ಕಳ ಸಾಲ, ಮೊಮ್ಮಗಳ ಮದುವೆ, ಪೇಟೆಯಲ್ಲಿ ಪ್ಲಾಟು ಎಂದು ಹರಿದುಹೋಗುತ್ತದೆ. ಹಗೇವಿನ ಬಾಯಿ ತೆರೆದು ಎಲ್ಲರೂ ಕೊಳಗ ಹಿಡಿದು ನಿಂತಂತೆ.

ಇದು ಕಳೆದುಹೋದ ಸಂಗತಿಯಲ್ಲ. 519.6 ಮೀಟರಿನಲ್ಲಿ ನಿಂತಿರುವ ಆಲಮಟ್ಟಿಯ ಸಂಗ್ರಹವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿಗಳ ಪರಿಹಾರವನ್ನು ನಿರ್ಧರಿಸಿತು. ಕೃಷ್ಣೆಯ ದಂಡೆಯ ಮನೆಗಳಲ್ಲಿ ಇಷ್ಟು ದೊಡ್ಡ ಮೊತ್ತದ ವಾಟ್ನಿ ಹಿಂದೆ ನಡೆದಿರಲಾರದು. ಖಾತೆಯಲ್ಲಿ ಹೆಸರಿರುವ ಅಜ್ಜನಿಗೆ ಆ ಹಣದಲ್ಲಿ ಪೋಟಗಿಯ ಪಾಲೆಂದು ಎಷ್ಟನ್ನು ತೆಗೆದಿಡಬೇಕೆಂಬುದು ಚೆಕ್ಕು ಬರುವ ಮೊದಲೇ ಇತ್ಯರ್ಥವಾಗಬೇಕಾದ ಮಾತು. 2004ರಲ್ಲಿ ಆರಂಭವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅರವತ್ತು ದಾಟಿದವರು 2023ರ ಏಪ್ರಿಲಿನಿಂದ 30 ಲಕ್ಷದವರೆಗೆ ಠೇವಣಿ ಇಡಬಹುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಹೊಲದ ಪೋಟಗಿಗೆ ಹಣದ ರೂಪದಲ್ಲಿ ಸಮೀಪದ ಪರ್ಯಾಯ ಇದೇ ಎನ್ನಬಹುದು.

2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮ ಬಂದು, 2008ರಿಂದ ಕರ್ನಾಟಕದಲ್ಲಿ ಜಾರಿಯಾಯಿತು. ಜೀವನಾಂಶದ ಅರ್ಜಿಯನ್ನು ಉಪವಿಭಾಗಾಧಿಕಾರಿಯ ಮುಂದಿನ ನ್ಯಾಯಮಂಡಳಿಯಲ್ಲಿ ಕೊಡಬಹುದು. ಇಂಡಿಯಲ್ಲಿಯೇ ಅಂಥ ಕಚೇರಿಯೊಂದಿದೆ. ಈ ಕಾಯಿದೆಯ ತಿರುಳು 23ನೆಯ ಕಲಮಿನಲ್ಲಿದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿಯನ್ನು ಕೊಟ್ಟಿದ್ದು, ಪಡೆದವನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ರದ್ದುಮಾಡಿಸಬಹುದು. ಆದರೆ ಷರತ್ತು ಇದ್ದುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಮೊಕದ್ದಮೆಯಲ್ಲಿ ಹೇಳಿತು. ಹಿರಿಯರ ಹಿತಕ್ಕಾಗಿ ಮಾಡಿದ ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ನುಡಿದು, ತಾಯಿಗೆ ಆಸ್ತಿಯನ್ನು ಮರಳಿ ಕೊಡಿಸಿತು. ಹೆಚ್ಚಿನ ಬಕ್ಷೀಸ ಪತ್ರಗಳಲ್ಲಿ ಪ್ರೀತಿ ವಾತ್ಸಲ್ಯದ ಮಾತು ಎರಡು ಸಾಲು ಇರುತ್ತದೆ, ಅನ್ನದ ಮಾತು ಒಂದು ಸಾಲೂ ಇರುವುದಿಲ್ಲ. ಹಳೆಯ ವಾಟ್ನಿ ಪತ್ರದ ಆ ಚಿಕ್ಕ ಕಲಮು ಬಿಟ್ಟುಹೋದದ್ದರ ಬೆಲೆಯನ್ನು ವೃದ್ಧರು ಇಂದು ಕಚೇರಿಯ ಮೆಟ್ಟಿಲುಗಳ ಮೇಲೆ ತೆರುತ್ತಿದ್ದಾರೆ.

ಕೊಡಲೇಬೇಕೆಂದಿದ್ದರೆ, ಒಡೆತನವನ್ನು ಕೊಟ್ಟು ಜೀವಿತಾವಧಿಯ ಅನುಭೋಗವನ್ನು ತನ್ನಲ್ಲಿಯೇ ಉಳಿಸಿಕೊಂಡ ದಾನವೂ ಸಿಂಧುವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಪೋಟಗಿಯ ಹಳೆಯ ಕಲ್ಪನೆಗೆ ಇದೇ ಹತ್ತಿರದ ದಾರಿ. ಜೀವನಾಂಶವು ತಾನಾಗಿಯೇ ಜಮೀನಿನ ಮೇಲಿನ ಭಾರವಾಗುವುದಿಲ್ಲ, ಪತ್ರದಲ್ಲಿ ಹಾಗೆಂದು ಬರೆದರೆ ಆಗುತ್ತದೆ. ಬ್ಯಾಂಕಿನ ಸಾಲಕ್ಕೆ ಉತಾರದಲ್ಲಿ ಬೋಜಾ ಏರಿಸಲು ಹಿಂಜರಿಯದವರು ತಾಯಿಯ ಅನ್ನಕ್ಕೆ ಒಂದು ಬೋಜಾ ಬರೆಸಲು ಸಂಕೋಚಪಡುವುದೇಕೆ?

ವಟಮುಖತ್ಯಾರ ಪತ್ರದ ಮೇಲೆ ಮಾತ್ರ ಅತಿಯಾದ ಭರವಸೆ ಬೇಡ. 1872ರ ಕರಾರು ಅಧಿನಿಯಮದ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದೊಡನೆ ಅದು ರದ್ದಾಗುತ್ತದೆ. ಮರೆವಿನ ರೋಗದ ಹಿರಿಯರಿಗೆ ಅದು ಬೇಕಾದ ಹೊತ್ತಿಗೇ ಇಲ್ಲವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಇಂಥವರ ಆಸ್ತಿಗೆ ಪಾಲಕರನ್ನು ನೇಮಿಸುವ ವ್ಯವಸ್ಥೆಯಿಲ್ಲದ್ದರಿಂದ ಕುಟುಂಬದವರು ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದಿದೆ. ಗುಣವಾಗದ ರೋಗದಲ್ಲಿ ಯಂತ್ರಗಳ ಸಹಾಯದಿಂದ ಜೀವ ಹಿಡಿದಿಡುವ ಚಿಕಿತ್ಸೆ ಬೇಡವೆಂಬ ಮುನ್ನಿರ್ದೇಶನವನ್ನು ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದಕ್ಕೂ ಸಲ್ಲೇಖನಕ್ಕೂ ಗಂಟು ಹಾಕಬಾರದು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯದ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟ ಪ್ರಕರಣ ಒಂದು ವ್ರತದ ಕುರಿತಾದದ್ದು. ಮುನ್ನಿರ್ದೇಶನವು ಆಸ್ಪತ್ರೆಯ ಕಾಗದ.

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಮಾಡಬಹುದಾದದ್ದಕ್ಕೆ ಇಂಡಿ ತಾಲೂಕಿನಲ್ಲಿಯೇ ಹಳೆಯ ನಿದರ್ಶನವಿದೆ. ಸಾಲೋಟಗಿಯ 945ರ ಶಾಸನದಲ್ಲಿ, ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಬಿಟ್ಟ ದತ್ತಿಯ ವಿವರವಿದೆ. ವಿದ್ಯಾರ್ಥಿಗಳ ವಸತಿಗೆ 27 ಮನೆಗಳು. ಪೋಷಣೆಗೆ ಇಂತಿಷ್ಟು ನಿವರ್ತನ ಭೂಮಿ, ದೀಪದ ಎಣ್ಣೆಗೆ ಬೇರೆಯೇ ಭೂಮಿ. ಊರಿನಲ್ಲಿ ಮದುವೆ ಉಪನಯನಗಳಾದಾಗ ಸಲ್ಲಬೇಕಾದ ಕಾಣಿಕೆ. ಅದು ವೈದಿಕರ ಶಾಲೆ. ಆದರೂ ಒಂದೊಂದು ವೆಚ್ಚಕ್ಕೂ ಒಂದೊಂದು ಆದಾಯವನ್ನು ಕಲ್ಲಿನಲ್ಲಿ ಕಟ್ಟಿಹಾಕಿದ ಆ ಜಾಣ್ಮೆ ಎಲ್ಲರಿಗೂ ಬೇಕಾದದ್ದು. ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಸಮಾಜದಲ್ಲಿ, ಹಾಸಿಗೆ ಹಿಡಿದ ಒಂಟಿ ಶ್ರಾವಿಕೆಯ ದಾದಿಯ ಸಂಬಳಕ್ಕೆ ಮೀಸಲಾದ ದತ್ತಿಯೊಂದು ಪಂಚಕಲ್ಯಾಣದ ಸವಾಲುಗಳ ಜೊತೆಗೆ ಹರಾಜಾದರೆ ಧರ್ಮಕ್ಕೆ ಕುಂದಿಲ್ಲ.

ಇನ್ನು ಹೆಣ್ಣುಮಕ್ಕಳ ಮಾತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಅವಿವಾಹಿತ ಹೆಣ್ಣುಮಕ್ಕಳಿಗೂ, 2005ರ ಸೆಪ್ಟೆಂಬರ್ 9ರಿಂದ ದೇಶದಾದ್ಯಂತ ಎಲ್ಲ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಬಂದಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಉಳಿದ ಸಂದೇಹಗಳನ್ನೂ ನಿವಾರಿಸಿತು. ಆದರೂ ನಾಲ್ಕು ತಾಲೂಕುಗಳ ಉಪನೋಂದಣಿ ಕಚೇರಿಗಳಲ್ಲಿ ಸೋಲಾಪುರದಿಂದಲೋ ಪುಣೆಯಿಂದಲೋ ಬಂದ ಅಕ್ಕತಂಗಿಯರು ತವರಿನ ಸೀರೆಯುಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋಗುವುದು ನಡೆದೇ ಇದೆ. ಅವರು ಬಿಟ್ಟುಕೊಡುವುದು ಹಕ್ಕನ್ನು ಮಾತ್ರ. 1956ರ ಕಾಯಿದೆಯ ಹೊಣೆಯಾಗಲಿ 2007ರ ಕಾಯಿದೆಯ ಹೊಣೆಯಾಗಲಿ ಆ ಪತ್ರದಿಂದ ಬಿಡುಗಡೆಯಾಗುವುದಿಲ್ಲ. ತಾಯಿ ಹಾಸಿಗೆ ಹಿಡಿದಾಗ ಹಲವು ಸಲ ಅವಳು ಸೇರುವುದೂ ಆ ಮಗಳ ಮನೆಯನ್ನೇ. ಅಣ್ಣತಮ್ಮಂದಿರಿಗೆ ಹಿಸ್ಸೆ ಬಿಟ್ಟುಕೊಡುವ ದಿನ, ಅದೇ ಪತ್ರದಲ್ಲಿ ತಂದೆತಾಯಿಗಳ ಪೋಟಗಿಗೆ ಇಂತಿಷ್ಟು ಎಕರೆ ಎಂದು ಬರೆಸದೆ ಹೆಬ್ಬೆಟ್ಟು ಒತ್ತುವುದಿಲ್ಲ ಎನ್ನುವ ಅಧಿಕಾರ ಆ ಮೇಜಿನ ಮುಂದೆ ಅವಳೊಬ್ಬಳಿಗೇ ಇರುತ್ತದೆ.